ಯಿಡ್ಡಿಷ್ ಜಾಝ್ ಹಾಡುಗಳ ಗುಂಗು ಬಿಡುತ್ತಿಲ್ಲ, ಯಾಕಿರಬಹುದು?

ಹಳೇ ರೇಡಿಯೊ
ಎಲ್ಲರಿಗೂ ನಮಸ್ಕಾರ. ಒಂದು ತಿಂಗಳಿಂದ ನನಗೆ ಒಂದೇ ಗುಂಗು. ಬ್ಯಾರಿ ಸಿಸ್ಟರ್ಸ್ ಎಂಬ ಅಕ್ಕತಂಗಿಯರ ಹಾಡುಗಳು. ಹಾಡುವುದು ಪೂರ್ವ ಯುರೋಪಿನ ಯಹೂದಿಗಳ ಮಾತಾದ ಯಿಡ್ಡಿಷ್ ಭಾಷೆಯಲ್ಲಿ, ಹಿಂದೆ ಇರುವುದು ಪೂರ್ತಿ ಅಮೆರಿಕನ್ ಜಾಝ್ ಬ್ಯಾಂಡ್. ಟ್ರಂಪೆಟ್, ಕ್ಲಾರಿನೆಟ್, ಡ್ರಮ್ಸ್ ಎಲ್ಲ. ಒಂದು ಪದವೂ ನನಗೆ ಅರ್ಥವಾಗುವುದಿಲ್ಲ. ಆದರೂ ರಾತ್ರಿ ಪಾತ್ರೆ ತೊಳೆಯುವಾಗ ಹಾಕಿಕೊಂಡರೆ, ಪಾತ್ರೆ ಮುಗಿದ ಮೇಲೂ ಅಡುಗೆಮನೆಯಲ್ಲೇ ನಿಂತಿರುತ್ತೇನೆ.

ಮೊನ್ನೆ ಮಗಳು ಬಂದು ಕೇಳಿದಳು: "ಅಮ್ಮಾ, ಇವರು ಅಳುತ್ತಿದ್ದಾರಾ, ಕುಣಿಯುತ್ತಿದ್ದಾರಾ?" ನನಗೆ ಉತ್ತರ ಹೇಳಲಾಗಲಿಲ್ಲ.

ಎಂಬತ್ತು ವರ್ಷದ ಹಿಂದೆ ನ್ಯೂಯಾರ್ಕಿನ ವಲಸಿಗರಿಗೆ ಅಂತ ಮಾಡಿದ ಹಾಡು, ನಮ್ಮಂಥವರನ್ನೂ ಹೀಗೆ ಹಿಡಿದುಕೊಳ್ಳುವುದು ಯಾಕೆ? ಗೆಳತಿಯೊಬ್ಬಳಿಗೆ ಕೇಳಿಸಿದರೆ, "ಇದು ನೀರು ಬೆರೆಸಿದ ಹಾಲು, ಗಟ್ಟಿ ಹಾಲು ಬೇಕಿದ್ದರೆ ಹಳೆಯ ಕ್ಲೆಜ್ಮರ್ ಕೇಳು, ಅವರ ಮದುವೆಮನೆಯ ವಾದ್ಯಸಂಗೀತ" ಎಂದಳು. ಹೌದಾ? ತಿಳಿದವರು ಹೇಳಿ.

ಗ್ರಾಮಫೋನ್ ಗಿರಾಕಿ
ಆಹಾ, ಇಲ್ಲಿ ಬ್ಯಾರಿ ಸಿಸ್ಟರ್ಸ್ ಹೆಸರು ನೋಡಿ ತುಂಬಾ ಖುಷಿಯಾಯಿತು. ಅವರ ಮೂಲ ಹೆಸರು ಬೇಗಲ್‌ಮನ್. ಕ್ಲಾರಾ ಮತ್ತು ಮಿನ್ನಿ. ನ್ಯೂಯಾರ್ಕಿನ ಬ್ರಾಂಕ್ಸ್‌ನ ಹುಡುಗಿಯರು. ಆಮೇಲೆ ಕ್ಲೇರ್ ಬ್ಯಾರಿ, ಮರ್ನಾ ಬ್ಯಾರಿ ಆದರು. 1938ರಲ್ಲಿ ಡಬ್ಲ್ಯು‌ಎಚ್‌ಎನ್ ರೇಡಿಯೊದಲ್ಲಿ ‘ಯಿಡ್ಡಿಷ್ ಮೆಲೊಡೀಸ್ ಇನ್ ಸ್ವಿಂಗ್’ ಎಂಬ ಕಾರ್ಯಕ್ರಮ ಶುರುವಾಯಿತು. ಪ್ರತಿ ಭಾನುವಾರ. ಬ್ಯಾಂಡ್ ನಡೆಸುತ್ತಿದ್ದವರು ಸ್ಯಾಮ್ ಮೆಡಾಫ್. ಹಳೆಯ ಹಾಡನ್ನು ತೆಗೆದುಕೊಂಡು ಅದಕ್ಕೆ ಸ್ವಿಂಗ್ ತಾಳ, ಅಂದರೆ ಕುಣಿಯುವಂಥ ಜಾಝ್ ನಡೆ, ಹೊಂದಿಸುವುದು ಅವರ ಕೆಲಸ. ಈ ಕಾರ್ಯಕ್ರಮ ಸುಮ್ನೆ ಒಂದೆರಡು ವರ್ಷ ನಡೆದು ನಿಂತದ್ದಲ್ಲ. 1950ರ ದಶಕದಲ್ಲೂ ಇತ್ತು.

ಅಪ್ಪ ಅಮ್ಮ ಪೋಲೆಂಡಿನಿಂದಲೋ ರಷ್ಯಾದಿಂದಲೋ ಬಂದವರು. ಅವರಿಗೆ ಭಾಷೆ ಬೇಕು. ಮಕ್ಕಳು ನ್ಯೂಯಾರ್ಕಿನಲ್ಲಿ ಹುಟ್ಟಿದವರು. ಅವರಿಗೆ ಜಾಝ್ ಬ್ಯಾಂಡಿನ ಬೆನ್ನಿ ಗುಡ್‌ಮನ್ ಬೇಕು. ಮನೆಯಲ್ಲಿ ಇರುವುದು ಒಂದೇ ರೇಡಿಯೊ. ಇಬ್ಬರೂ ಒಟ್ಟಿಗೆ ಕೂತು ಕೇಳಬಹುದಾದ ಕಾರ್ಯಕ್ರಮ ಅಂದರೆ ಇದು.

ಕಡಲ ಕಿನಾರೆ
ಹವಾ ನಗೀಲಾ ಕೂಡ ಇದೇ ಜಾತಿಯದು ಅಲ್ವಾ? ನಮ್ಮ ಕಾಲೇಜಿನ ಡ್ಯಾನ್ಸಿಗೆ ಅದನ್ನೇ ಹಾಕಿದ್ದರು.

ಗ್ರಾಮಫೋನ್ ಗಿರಾಕಿ
@ಕಡಲ ಕಿನಾರೆ, ಬ್ಯಾರಿ ಸಿಸ್ಟರ್ಸ್ ಅದನ್ನೂ ಹಾಡಿದ್ದಾರೆ. ಆದರೆ ಅದು ಹೀಬ್ರೂ, ಯಿಡ್ಡಿಷ್ ಅಲ್ಲ. ಲಿಪಿ ಒಂದೇ, ಭಾಷೆ ಬೇರೆ. ಯಿಡ್ಡಿಷ್ ಜರ್ಮನ್ ಕಡೆಯ ಭಾಷೆ. ಅದರೊಳಗೆ ಹೀಬ್ರೂ ಪದಗಳೂ ಪೋಲಿಷ್, ರಷ್ಯನ್ ಪದಗಳೂ ಬೆರೆತಿವೆ. ಮನೆಮಾತು, ಸಂತೆಮಾತು ಎಲ್ಲ ಅದೇ. ಅವರೇ ಅದನ್ನು ‘ಮಾಮೆ ಲೋಷ್ನ್’ ಅನ್ನುತ್ತಿದ್ದರು. ಅಂದರೆ ಅಮ್ಮನ ಮಾತು.

ವೀಣೆ ಮನೆ
ನಿಮ್ಮ ಮಗಳ ಪ್ರಶ್ನೆಗೆ ಸಂಗೀತದ ಕಡೆಯಿಂದ ಉತ್ತರ ಇದೆ. ನಾನು ವೀಣೆ ಪಾಠ ಮಾಡುವವಳು, ಸ್ವರದ ಲೆಕ್ಕದಲ್ಲೇ ಹೇಳುತ್ತೇನೆ.

ಈ ಹಾಡುಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಸ್ವರಜಾಡು ಇದೆ. ಅವರು ಅದಕ್ಕೆ ಫ್ರೈಗಿಶ್ ಅನ್ನುತ್ತಾರೆ. ಶುದ್ಧ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ, ಕೈಶಿಕಿ ನಿಷಾದ. ಗುರುತು ಸಿಕ್ಕಿತಾ? ನಮ್ಮ 14ನೇ ಮೇಳ, ವಕುಳಾಭರಣ. ಹಿಂದೂಸ್ತಾನಿಯವರಿಗೆ ಬಸಂತ್ ಮುಖಾರಿ. ಸರಳೆ ಜಂಟಿ ಕಲಿತ ಎಲ್ಲರಿಗೂ ಮಾಯಾಮಾಳವಗೌಳ ಗೊತ್ತಲ್ಲ, ಅದರಲ್ಲಿ ನಿಷಾದ ಒಂದನ್ನು ಇಳಿಸಿದರೆ ಇದೇ. ರಿಷಭದಿಂದ ಗಾಂಧಾರಕ್ಕೆ ಆ ದೊಡ್ಡ ಹೆಜ್ಜೆ ಇದೆ ನೋಡಿ, ಕೇಳುವವರ ಎದೆ ಒಮ್ಮೆ ಝಲ್ಲೆನ್ನುವುದು ಅಲ್ಲೇ. ಹವಾ ನಗೀಲಾ ಧಾಟಿಯೂ ಇದೇ.

ಇನ್ನೊಂದು ಜಾಡಿನಲ್ಲಿ ಸಾಧಾರಣ ಗಾಂಧಾರ, ಪ್ರತಿ ಮಧ್ಯಮ ಬರುತ್ತವೆ. ಅದು ನಮ್ಮ ಹೇಮವತಿ.

ಹಾಗಂತ ಅವರು ನಮ್ಮಿಂದ ತೆಗೆದುಕೊಂಡರು, ನಾವು ಅವರಿಂದ ತೆಗೆದುಕೊಂಡೆವು ಅಂತ ಕಥೆ ಕಟ್ಟಬೇಡಿ ದಯವಿಟ್ಟು. ಸ್ವರಸ್ಥಾನ ಒಂದೇ, ನಡೆ ಬೇರೆ. ಆದರೆ ನಮ್ಮ ಕಿವಿ ಈ ಸ್ವರಗಳಿಗೆ ಚಿಕ್ಕಂದಿನಿಂದ ಪಳಗಿದೆ. ಹಾಗಾಗಿ ಈ ಹಾಡು ನಮಗೆ ಪರಕೀಯ ಅನ್ನಿಸುವುದಿಲ್ಲ.

ಇನ್ನೂ ಒಂದು ಮಾತು. ಕ್ಲಾರಿನೆಟ್ಟಿನವರು ಒಂದು ಸ್ವರವನ್ನು ಹಿಡಿದು, ಕೊನೆಯಲ್ಲಿ ಗಂಟಲು ಕಟ್ಟಿದ ಹಾಗೆ ಥಟ್ಟನೆ ಮುರಿಯುತ್ತಾರೆ. ಅದಕ್ಕೆ ಕ್ರೆಖ್ಟ್ಸ್ ಅಂತ ಹೆಸರು, ನರಳುವುದು ಅಂತ ಅರ್ಥ. ನಮ್ಮ ಗಮಕದ ಹಾಗೆ ಅದೂ ಬರೆದು ಕಲಿಸುವುದಕ್ಕೆ ಬರುವುದಿಲ್ಲ, ಕೇಳಿ ಕೇಳಿಯೇ ಬರಬೇಕು. ಅಳುವುದು ಸ್ವರ, ಕುಣಿಯುವುದು ತಾಳ. ಎರಡೂ ಒಟ್ಟಿಗೇ ನಡೆಯುತ್ತಿವೆ ಅಂತ ಮಗಳಿಗೆ ಹೇಳಿ.

ಹಳೇ ರೇಡಿಯೊ
ವಕುಳಾಭರಣ! ಈಗಲೇ ಮತ್ತೊಮ್ಮೆ ಕೇಳುತ್ತೇನೆ. ತುಂಬಾ ಥ್ಯಾಂಕ್ಸ್ ವೀಣೆ ಮನೆ ಅವರಿಗೆ.

ಮೂಲ ಪಾಠ
ನಿಮ್ಮ ಗೆಳತಿ ಹೇಳಿದ್ದು ಸರಿಯಾಗಿಯೇ ಇದೆ. ಎಲ್ಲರೂ ಹೊಗಳುತ್ತಿದ್ದೀರಿ, ಆದರೂ ಹೇಳಿಬಿಡುತ್ತೇನೆ. ನಫ್ತುಲೆ ಬ್ರಾಂಡ್‌ವೈನ್ ಅವರ ಕ್ಲಾರಿನೆಟ್ ಕೇಳಿ, 1920ರ ದಶಕದ ರೆಕಾರ್ಡು. ಡೇವ್ ಟಾರಸ್ ಅವರದು ಕೇಳಿ. ಒಂದು ಡೋಯ್ನಾ ನುಡಿಸಿದರೆ ತಾಳವೇ ಇಲ್ಲ, ನಮ್ಮ ಆಲಾಪನೆಯ ಹಾಗೆ ಹರಿಯುತ್ತದೆ. ಸ್ವಿಂಗ್ ಬ್ಯಾಂಡು ಬಂದ ಮೇಲೆ ಏನಾಯಿತು? ಹಾಡನ್ನು 3 ನಿಮಿಷಕ್ಕೆ ಕತ್ತರಿಸಿದರು. ತಾಳವನ್ನು ನಾಲ್ಕಕ್ಕೆ ಕಟ್ಟಿಹಾಕಿದರು. ಅರ್ಧ ಹಾಡನ್ನು ಇಂಗ್ಲಿಷ್ ಮಾಡಿದರು. ಯಿಡ್ಡಿಷ್ ಉಳಿದದ್ದು ಪಲ್ಲವಿಯ ಒಂದು ಸಾಲಿನಲ್ಲಿ ಮಾತ್ರ. ಒಗ್ಗರಣೆಯನ್ನೇ ಊಟ ಅಂತ ಬಡಿಸಿದ ಹಾಗಾಯಿತು.

ಟ್ರಂಪೆಟ್ ಪ್ರಿಯ
@ಮೂಲ ಪಾಠ, ಒಂದು ವಿಷಯ ಗಮನಿಸಿ. ನೀವು ಎರಡು ಬೇರೆ ಬೇರೆ ಸಂಗೀತವನ್ನು ಒಂದೇ ತಕ್ಕಡಿಯಲ್ಲಿ ಇಡುತ್ತಿದ್ದೀರಿ. ಬ್ರಾಂಡ್‌ವೈನ್ ನುಡಿಸಿದ್ದು ಮದುವೆಮನೆಯ ವಾದ್ಯಸಂಗೀತ. ಬ್ಯಾರಿ ಸಿಸ್ಟರ್ಸ್ ಹಾಡಿದ್ದರಲ್ಲಿ ಬಹುಪಾಲು ಹಳ್ಳಿಯ ಹಾಡೇ ಅಲ್ಲ, ನಾಟಕದ ಹಾಡು. ನ್ಯೂಯಾರ್ಕಿನ ಸೆಕೆಂಡ್ ಅವೆನ್ಯೂನಲ್ಲಿ ಸಾಲು ಸಾಲು ಯಿಡ್ಡಿಷ್ ನಾಟಕ ಥಿಯೇಟರುಗಳಿದ್ದವು. ಅಲ್ಲಿಗೆ ಹಾಡು ಕಟ್ಟುತ್ತಿದ್ದವರು ಪಕ್ಕಾ ಸಂಗೀತ ಓದಿದವರು. ಶೋಲೊಮ್ ಸೆಕುಂಡಾ, ಅಬ್ರಹಾಂ ಎಲ್‌ಸ್ಟೈನ್. ಅವರ ಹಾಡು ಹುಟ್ಟಿದಾಗಲೇ ಒಂದು ಕಾಲು ಬ್ರಾಡ್‌ವೇ ಕಡೆ ಇಟ್ಟಿತ್ತು. ಹಾಲಿಗೆ ಯಾರೋ ಆಮೇಲೆ ನೀರು ಬೆರೆಸಿದರು ಅನ್ನುವುದು ಈ ಹಾಡುಗಳ ಮಟ್ಟಿಗೆ ತಪ್ಪು.

ನಮ್ಮ ವೃತ್ತಿ ರಂಗಭೂಮಿಯನ್ನೇ ನೋಡಿ. ಕಂಪನಿ ನಾಟಕದ ಹಾಡಿನಲ್ಲಿ ಕರ್ನಾಟಕ ರಾಗ, ಹಿಂದೂಸ್ತಾನಿ ರಾಗ, ಮರಾಠಿ ನಾಟಕದ ಧಾಟಿ ಎಲ್ಲ ಇತ್ತು. ಅದನ್ನು ಯಾರಾದರೂ ಕಲಬೆರಕೆ ಅಂತ ತಳ್ಳಿಹಾಕುತ್ತೇವಾ?

ಮೂಲ ಪಾಠ
ಕಂಪನಿ ನಾಟಕದವರು ಕನ್ನಡ ಬಿಟ್ಟು ಇಂಗ್ಲಿಷಿನಲ್ಲಿ ಹಾಡಲಿಲ್ಲವಲ್ಲ. ನನ್ನ ತಕರಾರು ಅಲ್ಲಿ.

ಗ್ರಾಮಫೋನ್ ಗಿರಾಕಿ
ಇಂಗ್ಲಿಷ್ ಮಾತು ಬಂತಲ್ಲ, ‘ಬೈ ಮಿರ್ ಬಿಸ್ಟು ಶೇನ್’ ಕಥೆ ಹೇಳಲೇಬೇಕು. ‘ನನ್ನ ಕಣ್ಣಿಗೆ ನೀನು ಚೆಂದ’ ಅಂತ ಅರ್ಥ.

1932ರಲ್ಲಿ ಬ್ರೂಕ್ಲಿನ್‌ನ ಒಂದು ಯಿಡ್ಡಿಷ್ ಸಂಗೀತ ನಾಟಕಕ್ಕೆ ಸೆಕುಂಡಾ ಕಟ್ಟಿದ ಹಾಡು ಇದು. ಸಾಹಿತ್ಯ ಜೇಕಬ್ ಜೇಕಬ್ಸ್ ಅವರದು. ನಾಟಕ ಒಂದು ಸೀಸನ್ ನಡೆದು ಮುಗಿಯಿತು. ಹಾಡು ಮಾತ್ರ ಜನರ ಬಾಯಲ್ಲಿ ಉಳಿಯಿತು. 1937ರಲ್ಲಿ ಸೆಕುಂಡಾ ಹಾಡಿನ ಹಕ್ಕನ್ನು ಮಾರಿಬಿಟ್ಟರು. ಎಷ್ಟಕ್ಕೆ? 30 ಡಾಲರ್.

ಅದೇ ಹೊತ್ತಿಗೆ ಸ್ಯಾಮಿ ಕಾನ್ ಎಂಬ ಗೀತರಚನೆಕಾರ ಹಾರ್ಲೆಮ್‌ನ ಅಪೊಲೊ ಥಿಯೇಟರಿನಲ್ಲಿ ಈ ಹಾಡು ಕೇಳಿದರು. ಹಾಡುತ್ತಿದ್ದವರು ಇಬ್ಬರು ಕಪ್ಪು ಗಾಯಕರು, ಜಾನಿ ಮತ್ತು ಜಾರ್ಜ್ ಎಂಬ ಜೋಡಿ. ಹಾಡುತ್ತಿದ್ದದ್ದು ಯಿಡ್ಡಿಷ್‌ನಲ್ಲೇ! ಕೆಳಗೆ ಕೂತ ಜನಕ್ಕೆ ಭಾಷೆ ಗೊತ್ತಿಲ್ಲ, ಆದರೂ ಹುಚ್ಚೆದ್ದು ಕುಣಿಯುತ್ತಿದ್ದರು. ಭಾಷೆ ಗೊತ್ತಿಲ್ಲದವರೇ ಹೀಗೆ ಕುಣಿದರೆ ಗೊತ್ತಿರುವವರು ಏನು ಮಾಡಿಯಾರು ಅಂತ ತನಗೆ ಅನ್ನಿಸಿತು ಎಂದು ಕಾನ್ ಆಮೇಲೆ ಹೇಳಿಕೊಂಡರು. ಅವರೂ ಸಾಲ್ ಚಾಪ್ಲಿನ್ ಅವರೂ ಸೇರಿ ಇಂಗ್ಲಿಷ್ ಸಾಹಿತ್ಯ ಬರೆದರು. 1937ರ ನವೆಂಬರಿನಲ್ಲಿ ಆಂಡ್ರೂಸ್ ಸಿಸ್ಟರ್ಸ್ ಡೆಕ್ಕಾ ಕಂಪನಿಗೆ ಹಾಡಿದರು. ಅಪ್ಪ ಗ್ರೀಕ್, ಅಮ್ಮ ನಾರ್ವೆ ಮೂಲದವರು, ಊರು ಮಿನ್ನೆಸೋಟ. ಯಿಡ್ಡಿಷ್‌ಗೂ ಆ ಹುಡುಗಿಯರಿಗೂ ಏನೂ ಸಂಬಂಧವಿಲ್ಲ. ಹತ್ತು ಲಕ್ಷಕ್ಕಿಂತ ಜಾಸ್ತಿ ಪ್ರತಿ ಮಾರಾಟವಾಯಿತು. ಒಂದು ವಿಶೇಷ, ತಟ್ಟೆಯ ಮುಖ್ಯ ಹಾಡು ಇದಾಗಿರಲಿಲ್ಲ. ಗರ್ಶ್ವಿನ್ ಎಂಬ ಬೇರೆ ಸಂಗೀತಗಾರರ ಹಾಡಿನ ಹಿಂಬದಿಗೆ ಇದನ್ನು ಹಾಕಿದ್ದರು.

ಕಡಲ ಕಿನಾರೆ
30 ಡಾಲರ್!! ಹೊಟ್ಟೆ ಉರಿಯುತ್ತದೆ.

ಲೆಕ್ಕದ ಪುಸ್ತಕ
ಇನ್ನೂ ಉರಿಯುವ ವಿಷಯ ಹೇಳಲಾ? ಆ 30 ಡಾಲರ್ ಕೂಡ ಪೂರ್ತಿ ಅವರದಲ್ಲ. ಜೇಕಬ್ಸ್ ಜೊತೆ ಅರ್ಧ ಅರ್ಧ ಹಂಚಿಕೊಂಡರು. ಕೈಗೆ ಬಂದದ್ದು 15.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಆಗಿನ ಅಮೆರಿಕದ ಕಾನೂನಿನಲ್ಲಿ ಕಾಪಿರೈಟ್ ಮೊದಲ ಅವಧಿ 28 ವರ್ಷ. ಅದು ಮುಗಿದಾಗ, 1961ರಲ್ಲಿ, ಹಕ್ಕು ಸೆಕುಂಡಾಗೆ ಮರಳಿತು. 1974ರಲ್ಲಿ ತೀರಿಕೊಂಡರು. ಹಾಗಾಗಿ ಕೊನೆಯ ವರ್ಷಗಳಲ್ಲಾದರೂ ಒಂದಿಷ್ಟು ಕೈಗೆ ಬಂದಿತು. ‘ದೋನಾ ದೋನಾ’ ಹಾಡಿಗೆ ಸ್ವರ ಹಾಕಿದವರೂ ಇವರೇ. ಜೋನ್ ಬಯೆಜ್ ಹಾಡಿದರಲ್ಲ, ಗಾಡಿಯಲ್ಲಿ ಕಟ್ಟಿಹಾಕಿದ ಕರುವಿನ ಹಾಡು. ಅದೂ ಯಿಡ್ಡಿಷ್ ನಾಟಕದಿಂದ ಬಂದದ್ದೇ.

ಗುಡ್ಡದ ಮೇಲಿನ ಮನೆ
ದೋನಾ ದೋನಾ ಯಿಡ್ಡಿಷ್ಷಾ?! ಸ್ಕೂಲಿನಲ್ಲಿ ಕಲಿತಿದ್ದೆ, ಇಷ್ಟು ವರ್ಷ ಇಂಗ್ಲಿಷ್ ಜಾನಪದ ಅಂತಲೇ ಅಂದುಕೊಂಡಿದ್ದೆ.

ಟ್ರಂಪೆಟ್ ಪ್ರಿಯ
ನನ್ನ ಪ್ರಕಾರ ಇಡೀ ಚರ್ಚೆಗೆ ಉತ್ತರ ಒಂದು ಸಂಜೆಯಲ್ಲಿದೆ. 1938 ಜನವರಿ 16, ಕಾರ್ನೆಗಿ ಹಾಲ್. ಬೆನ್ನಿ ಗುಡ್‌ಮನ್ ಬ್ಯಾಂಡು. ಅಂಥ ಹಾಲಿನಲ್ಲಿ ಜಾಝ್ ಬ್ಯಾಂಡಿಗೆ ಇಡೀ ಸಂಜೆ ಬಿಟ್ಟುಕೊಡುವುದು ಆಗ ದೊಡ್ಡ ಮಾತು. ಅವತ್ತು ಇದೇ ಬೈ ಮಿರ್ ಹಾಡು ಬಂತು. ಮಾರ್ಥಾ ಟಿಲ್ಟನ್ ಇಂಗ್ಲಿಷ್‌ನಲ್ಲಿ ಹಾಡಿದರು. ಹಾಡು ಚೆನ್ನಾಗಿಯೇ ನಡೆಯುತ್ತಿರುತ್ತದೆ. ನಡುವೆ ಥಟ್ಟನೆ ತಾಳ ಬದಲಾಗುತ್ತದೆ, ಜಿಗ್ಗಿ ಎಲ್ಮನ್ ಟ್ರಂಪೆಟ್ ಎತ್ತುತ್ತಾರೆ. ಅಪ್ಪಟ ಫ್ರೈಲಖ್, ಮದುವೆಮನೆ ಕುಣಿತ. ಆ ರೆಕಾರ್ಡಿಂಗ್‌ನಲ್ಲಿ ಸಭಿಕರ ಚಪ್ಪಾಳೆ ಹೇಗೆ ಏರುತ್ತದೆ ಕೇಳಿ. ಸ್ವಿಂಗ್ ಬಟ್ಟೆಯೊಳಗಿಂದ ಅಜ್ಜನ ಊರು ಎದ್ದು ಬಂದ ಹಾಗೆ ನನಗೆ ಅನ್ನಿಸುತ್ತದೆ. ಎಷ್ಟು ಸಲ ಕೇಳಿದರೂ ಮೈ ನವಿರೇಳುತ್ತದೆ.

ಮರುವರ್ಷ ಎಲ್ಮನ್ ಇದೇ ಕೆಲಸ ಮತ್ತೆ ಮಾಡಿದರು. ‘ಡೆರ್ ಶ್ಟಿಲರ್ ಬುಲ್ಗರ್’ ಎಂಬ ಹಳೆಯ ಕ್ಲೆಜ್ಮರ್ ಧಾಟಿಯನ್ನು ‘ಫ್ರೈಲಖ್ ಇನ್ ಸ್ವಿಂಗ್’ ಅಂತ ಮಾಡಿದ್ದರು. ಅದಕ್ಕೆ ಜಾನಿ ಮರ್ಸರ್ ಇಂಗ್ಲಿಷ್ ಮಾತು ಹಾಕಿದರು. ‘ಅಂಡ್ ದ ಏಂಜೆಲ್ಸ್ ಸಿಂಗ್’ ಆಯಿತು, 1939ರಲ್ಲಿ ಗುಡ್‌ಮನ್ ಬ್ಯಾಂಡಿನ ದೊಡ್ಡ ಹಿಟ್. @ಮೂಲ ಪಾಠ, ಅದರ ನಡುವಿನ ಟ್ರಂಪೆಟ್ ಕೇಳಿ ಆಮೇಲೆ ಒಗ್ಗರಣೆ ಅನ್ನಿ.

ವೀಣೆ ಮನೆ
ಸಣ್ಣ ತಿದ್ದುಪಡಿ, ಯಾರೂ ತಪ್ಪು ತಿಳಿಯಬಾರದು ಅಂತ. ಬೈ ಮಿರ್ ಹಾಡಿನ ಮುಖ್ಯ ಭಾಗ ಫ್ರೈಗಿಶ್ ಅಲ್ಲ. ಅದು ಮೈನರ್, ನಮ್ಮ ಕೀರವಾಣಿಗೆ ಹತ್ತಿರ. ಏಂಜೆಲ್ಸ್ ಹಾಡಿನ ನಡುವಿನ ಟ್ರಂಪೆಟ್ ತುಣುಕಿನಲ್ಲಿ ಮಾತ್ರ ವಕುಳಾಭರಣ ಸ್ಪಷ್ಟವಾಗಿ ಕೇಳುತ್ತದೆ.

ಪಾಶ್ಚಾತ್ಯ ವಾದ್ಯ ಇನ್ನೊಂದು ನಾಡಿನ ಗಮಕ ಕಲಿಯುವುದು ಅಂದಾಗ ನನಗೆ ಕದ್ರಿ ಗೋಪಾಲನಾಥರೇ ನೆನಪಾಗುತ್ತಾರೆ. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ನೋಡಿ ಮನಸೋತವರು. ಅದೇ ವಾದ್ಯದಲ್ಲಿ ಕೃತಿ ನುಡಿಸಿ ತೋರಿಸಿದರು. ಆಮೇಲೆ ಜಾಝ್‌ನವರ ಜೊತೆಯೂ ನುಡಿಸಿದರು, ರುದ್ರೇಶ್ ಮಹಂತಪ್ಪ ಜೊತೆ 2008ರ ಆಲ್ಬಮ್ ಇದೆ. ಅದನ್ನು ನಾವು ನೀರು ಹಾಲು ಅನ್ನಲಿಲ್ಲ.

ಕಡಲ ಕಿನಾರೆ
ಕದ್ರಿಯವರು ನಮ್ಮೂರ ಕಡೆಯವರು! ಮದುವೆಮನೆಯಲ್ಲಿ ಅವರ ಕ್ಯಾಸೆಟ್ ಹಾಕದಿದ್ದರೆ ಊಟಕ್ಕೆ ಎಲೆ ಹಾಕುತ್ತಿರಲಿಲ್ಲ.

ದರ್ಜಿ ಮಗ
ನನಗೆ ರಾಗ ಗೊತ್ತಿಲ್ಲ, ಜಾಝ್ ಕೂಡ ಅಷ್ಟಾಗಿ ಗೊತ್ತಿಲ್ಲ. ಒಂದು ಹಾಡಿನ ಬಗ್ಗೆ ಮಾತ್ರ ಹೇಳುತ್ತೇನೆ.

ನಮ್ಮಪ್ಪ ದಾವಣಗೆರೆಯಲ್ಲಿ ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ. ಹಬ್ಬದ ಮುಂಚೆ ರಾತ್ರಿಯಿಡೀ ಮಿಷನ್ ಓಡುತ್ತಿತ್ತು. ನಾವು ಮಕ್ಕಳು ಆ ಸದ್ದಿಗೇ ನಿದ್ದೆ ಮಾಡುತ್ತಿದ್ದೆವು. ಹೋದ ವರ್ಷ ಅಮೆರಿಕದ ಜಾಝ್ ಗಾಯಕ ಕ್ಯಾಬ್ ಕ್ಯಾಲೊವೇ ಅವರ ಒಂದು ಹಾಡು ಸಿಕ್ಕಿತು, ‘ಅಟ್ ಡಾ ಝೇ’ ಅಂತ, 1939ರದು. ಬ್ಯಾಂಡು ಭರ್ಜರಿ. ಏನಿದು ಅಂತ ಹುಡುಕುತ್ತಾ ಹೋದರೆ, ಅದರ ಮೂಲ ಯಿಡ್ಡಿಷ್ ದರ್ಜಿಗಳ ಹಾಡು. ‘ಹೀಗೆ ಹೊಲಿಯುತ್ತಾನೆ ದರ್ಜಿ’ ಅಂತ ಶುರುವಾಗುತ್ತದೆ. ಮೂಲದಲ್ಲಿ ದರ್ಜಿ ವಾರವಿಡೀ ಹೊಲಿಯುತ್ತಾನೆ, ಕೊನೆಗೆ ಅವನಿಗೆ ಸಿಗುವುದು ತೂತು ಬಿದ್ದ ನಾಣ್ಯ.

ತೂತು ಕಾಸು! ನಮ್ಮಪ್ಪ ಇದೇ ಮಾತು ಹೇಳುತ್ತಿದ್ದರು. ಹೊಲಿಸಿದವರು ಬಾಕಿ ಕೊಡದೆ ಹೋದಾಗ, "ಇಷ್ಟು ದಿನ ಕೂತು ಹೊಲಿದದ್ದಕ್ಕೆ ತೂತು ಕಾಸೂ ಇಲ್ಲ" ಅನ್ನುತ್ತಿದ್ದರು. ಓದಿ ನನಗೆ ಕಣ್ಣಲ್ಲಿ ನೀರು ಬಂತು.

ಆಮೇಲೆ ಮತ್ತೆ ಕ್ಯಾಲೊವೇ ಹಾಡು ಕೇಳಿದೆ. ಆ ತಾಳದಲ್ಲಿ ನನಗೆ ಮಿಷನ್ ಪೆಡಲ್ ಕೇಳುತ್ತದೆ. ಜಾಝ್ ಅದನ್ನು ಕೆಡಿಸಿದೆ ಅಂತ ನನಗೆ ಅನ್ನಿಸುವುದೇ ಇಲ್ಲ. ಕೆಲಸದ ವೇಗ ತಂದುಕೊಟ್ಟಿದೆ ಅನ್ನಿಸುತ್ತದೆ.

ಹಳೇ ರೇಡಿಯೊ
@ದರ್ಜಿ ಮಗ, ನಿಮ್ಮ ಮಾತು ಓದಿ ಸುಮ್ಮನೆ ಕೂತುಬಿಟ್ಟೆ.

ಗ್ರಾಮಫೋನ್ ಗಿರಾಕಿ
@ದರ್ಜಿ ಮಗ, ನ್ಯೂಯಾರ್ಕಿಗೆ ಬಂದ ಯಹೂದಿ ವಲಸಿಗರಲ್ಲಿ ಬಟ್ಟೆ ಹೊಲಿಯುವವರೇ ತುಂಬಾ ಜನ. ಲೋವರ್ ಈಸ್ಟ್ ಸೈಡಿನ ಇಕ್ಕಟ್ಟಾದ ಮನೆಗಳಲ್ಲೇ ಮಿಷನ್ ಇಟ್ಟುಕೊಂಡು ದುಡಿದವರು. ಹಾಗಾಗಿ ಆ ಹಾಡು ಅಲ್ಲಿ ತಮಾಷೆಯಾಗಿ ಕೇಳಿರಲಿಕ್ಕಿಲ್ಲ. ಕ್ಯಾಲೊವೇ ‘ಅಬಿ ಗೆಜುಂಟ್’ ಕೂಡ ಹಾಡಿದ್ದಾರೆ. ಎಲ್‌ಸ್ಟೈನ್ ಸಂಗೀತ, ಮಾಲಿ ಪಿಕಾನ್ ಮಾತು, 1938ರ ಯಿಡ್ಡಿಷ್ ಸಿನಿಮಾದ ಹಾಡು. ‘ಆರೋಗ್ಯ ಒಂದಿದ್ದರೆ ಸಾಕು’ ಅಂತ ಅರ್ಥ. ಆ ಸಿನಿಮಾ ಚಿತ್ರೀಕರಣವಾದದ್ದು ಪೋಲೆಂಡಿನಲ್ಲಿ. ಮರುವರ್ಷ ಸೆಪ್ಟೆಂಬರಿನಲ್ಲಿ ಹಿಟ್ಲರನ ಸೈನ್ಯ ಅಲ್ಲಿಗೆ ನುಗ್ಗಿತು.

ಇತಿಹಾಸ ಮೇಷ್ಟ್ರು
ಇಲ್ಲಿಯವರೆಗೆ ಯಾರೂ ಈ ಮಾತು ಎತ್ತಿರಲಿಲ್ಲ, ಎತ್ತಲೇಬೇಕು. ಯುದ್ಧಕ್ಕೆ ಮುಂಚೆ ಯಿಡ್ಡಿಷ್ ಆಡುತ್ತಿದ್ದವರು ಒಂದು ಕೋಟಿಗೂ ಜಾಸ್ತಿ. ಹಿಟ್ಲರ್ ಕೊಲ್ಲಿಸಿದ 60 ಲಕ್ಷ ಯಹೂದಿಗಳಲ್ಲಿ ಬಹುಪಾಲು ಅದೇ ಭಾಷೆಯವರು. ಇವತ್ತು ನಾವು ಕೇಳುವ 1930ರ ದಶಕದ ಪ್ರತಿ ರೆಕಾರ್ಡಿನ ಹಿಂದೆ ಇದು ಇದೆ. ಹಾಡಿದವರಿಗೆ ಆಗ ಗೊತ್ತಿರಲಿಲ್ಲ. ನಮಗೆ ಗೊತ್ತಿದೆ. ಖುಷಿಯ ಹಾಡು ಕೂಡ ನಮಗೆ ಬೇರೆ ತರಹ ಕೇಳುವುದು ಅದಕ್ಕೇ.

ಬೈ ಮಿರ್ ಹಾಡಿನ ವಿಷಯದಲ್ಲಿ ಇನ್ನೊಂದು ಸಂಗತಿ. ಶೀರ್ಷಿಕೆಯನ್ನು ಜರ್ಮನ್ ಕಾಗುಣಿತದಲ್ಲಿ ಅಚ್ಚು ಮಾಡಿದ್ದರು. ಹಾಗಾಗಿ ನಾಜಿ ಜರ್ಮನಿಯಲ್ಲೂ ಅದು ಜನಪ್ರಿಯವಾಗಿತ್ತು. ಸ್ವರ ಹಾಕಿದವರು ಯಹೂದಿ ಅಂತ ತಿಳಿದ ಮೇಲೆ ನಿಷೇಧಿಸಿದರು. ಅತ್ತ ಸೋವಿಯತ್ ದೇಶದಲ್ಲಿ ಲಿಯೊನಿಡ್ ಉತ್ಯೊಸೊವ್, ಒಡೆಸ್ಸಾದವರು, ಅದೇ ಧಾಟಿಯಲ್ಲಿ ರಷ್ಯನ್ ಮಾತಿನಲ್ಲಿ ಒಬ್ಬ ಜರ್ಮನ್ ಬ್ಯಾರನ್‌ನನ್ನು ಗೇಲಿ ಮಾಡಿ ಹಾಡಿದರು. ಯುದ್ಧದ ನಡುವೆ.

1947ರಲ್ಲಿ ಹರ್ಮನ್ ಯಾಬ್ಲೊಕಾಫ್ ಯುರೋಪಿನ ನಿರಾಶ್ರಿತರ ಶಿಬಿರಗಳಿಗೆ ಹೋಗಿ ಹಾಡಿದರು. ‘ಪಾಪಿರೋಸನ್’ ಹಾಡಿನ ಕರ್ತೃ ಅವರು. ಮಳೆಯಲ್ಲಿ ನಿಂತು ಸಿಗರೇಟು ಮಾರುವ ಅನಾಥ ಹುಡುಗನ ಹಾಡು. ಬದುಕುಳಿದವರ ಮುಂದೆ ನಿಂತು ಅದನ್ನು ಹಾಡುವುದು ಹೇಗಿದ್ದಿರಬಹುದು, ನನಗೆ ಊಹಿಸಲಾಗುವುದಿಲ್ಲ.

ಗುಡ್ಡದ ಮೇಲಿನ ಮನೆ
ಪಾಪಿರೋಸನ್ ಬ್ಯಾರಿ ಸಿಸ್ಟರ್ಸ್ ಹಾಡಿದ್ದು ಕೇಳಿದ್ದೇನೆ. ಅರ್ಥ ಗೊತ್ತಿಲ್ಲದೆ ಕಾಲು ಕುಣಿಸುತ್ತಿದ್ದೆ. ಈಗ ಹೇಗೆ ಕೇಳುವುದು?

ದರ್ಜಿ ಮಗ
ಹಾಗೇ ಕೇಳಿ. ಅವರೇ ಕುಣಿಯುವ ಹಾಗೆ ಹಾಡಿದ್ದಾರಲ್ಲ.

ಗ್ರಾಮಫೋನ್ ಗಿರಾಕಿ
ಸೋವಿಯತ್ ಮಾತು ಬಂದದ್ದರಿಂದ ಇದನ್ನೂ ಸೇರಿಸುತ್ತೇನೆ. 1959ರಲ್ಲಿ ಎಡ್ ಸಲಿವನ್ ತಮ್ಮ ಟಿವಿ ಕಾರ್ಯಕ್ರಮದ ಕಲಾವಿದರನ್ನು ಕರೆದುಕೊಂಡು ಮಾಸ್ಕೋಗೆ ಹೋದರು. ಬ್ಯಾರಿ ಸಿಸ್ಟರ್ಸ್ ಆ ತಂಡದಲ್ಲಿದ್ದರು. ಗೋರ್ಕಿ ಪಾರ್ಕಿನಲ್ಲಿ ಯಿಡ್ಡಿಷ್ ಹಾಡಿದರು. ಸ್ಟಾಲಿನ್ ಯಿಡ್ಡಿಷ್ ಬರಹಗಾರರನ್ನು ಕೊಲ್ಲಿಸಿ 7 ವರ್ಷ ಆಗಿತ್ತು ಅಷ್ಟೇ. ಆಮೇಲೆ ಅವರ ರೆಕಾರ್ಡುಗಳು ಅಲ್ಲಿ ಕೈಯಿಂದ ಕೈಗೆ ಓಡಾಡಿದವು. ಇವತ್ತಿಗೂ ಯೂಟ್ಯೂಬಿನಲ್ಲಿ ಅವರ ಹಾಡಿನ ಕೆಳಗೆ ರಷ್ಯನ್ ಭಾಷೆಯ ಮಾತುಗಳು ಎಷ್ಟಿವೆ ನೋಡಿ.

ಹೊಸ ಓದುಗ
ನಮ್ಮ ಕೊಚ್ಚಿ ಯಹೂದಿಗಳೂ ಯಿಡ್ಡಿಷ್ ಹಾಡು ಹಾಡುತ್ತಿದ್ದರಂತೆ. ಅದರ ರೆಕಾರ್ಡು ಎಲ್ಲಿ ಸಿಗುತ್ತದೆ?

ಇತಿಹಾಸ ಮೇಷ್ಟ್ರು
ಇಲ್ಲ, ಇಲ್ಲ. ಯಿಡ್ಡಿಷ್ ಪೂರ್ವ ಯುರೋಪಿನ ಯಹೂದಿಗಳ ಭಾಷೆ. ಕೊಚ್ಚಿಯವರದು ಮಲಯಾಳಂ. ಅಲ್ಲಿನ ಹೆಂಗಸರು ಮಲಯಾಳಂ ಹಾಡುಗಳನ್ನು ನೋಟುಪುಸ್ತಕದಲ್ಲಿ ಬರೆದಿಟ್ಟುಕೊಂಡು ಹಾಡುತ್ತಿದ್ದರು, ಅದು ಬೇರೆಯೇ ಸಂಪತ್ತು. ಕೊಂಕಣ ತೀರದ ಬೆನೆ ಇಸ್ರೇಲಿಗಳದು ಮರಾಠಿ. ಬೆಂಗಳೂರಿನ ಮೈಸೂರು ರಸ್ತೆಯಲ್ಲೂ ಒಂದು ಯಹೂದಿ ಸ್ಮಶಾನ ಇದೆ. ಆದರೆ ಆ ಎಲ್ಲವನ್ನೂ ಯಿಡ್ಡಿಷ್‌ಗೆ ಜೋಡಿಸಲು ಆಗುವುದಿಲ್ಲ.

ಲೆಕ್ಕದ ಪುಸ್ತಕ
ಆಕಾಶವಾಣಿಯ ಸಿಗ್ನೇಚರ್ ಟ್ಯೂನ್ ಮಾಡಿದ್ದು ಒಬ್ಬ ಯಹೂದಿ ನಿರಾಶ್ರಿತ, ಗೊತ್ತಾ? ವಾಲ್ಟರ್ ಕೌಫ್ಮನ್. ಹಿಟ್ಲರನಿಂದ ತಪ್ಪಿಸಿಕೊಂಡು ಮುಂಬೈಗೆ ಬಂದವರು. ಶಿವರಂಜನಿ ರಾಗ.

ಕಡಲ ಕಿನಾರೆ
ಬೆಳಗಿನ ಜಾವ ಆ ಟ್ಯೂನ್! ಅಜ್ಜ ರೇಡಿಯೊ ಹಾಕಿ ಕಾಯುತ್ತಿದ್ದರು.

ಇತಿಹಾಸ ಮೇಷ್ಟ್ರು
ಕೌಫ್ಮನ್ ಕೂಡ ಜರ್ಮನ್ ಮಾತಾಡುವ ಮನೆಯವರು, ಯಿಡ್ಡಿಷ್ ಅಲ್ಲ. ಆಕಾಶವಾಣಿ ಎಂಬ ಹೆಸರು ನಮ್ಮ ಮೈಸೂರಿನದು, ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಮನೆಯಲ್ಲೇ ರೇಡಿಯೊ ನಿಲಯ ಶುರು ಮಾಡಿದಾಗಿನದು. ಆಯಿತು, ನಾನೇ ವಿಷಯ ಬಿಟ್ಟು ಎಲ್ಲೋ ಹೋಗುತ್ತಿದ್ದೇನೆ. ವಾಪಸ್ ಬನ್ನಿ.

ನ್ಯೂಜೆರ್ಸಿ ಅಜ್ಜಿ
ನಾನು ಎಡಿಸನ್‌ನಲ್ಲಿ ಮಗನ ಮನೆಯಲ್ಲಿದ್ದೇನೆ. ನಮ್ಮ ಬೀದಿಯಲ್ಲಿ ಒಬ್ಬರು ಹಿರಿಯರಿದ್ದಾರೆ, ತೊಂಬತ್ತು ದಾಟಿದೆ. ಅವರ ತಂದೆತಾಯಿ ಯಿಡ್ಡಿಷ್ ಆಡುತ್ತಿದ್ದರಂತೆ. ಇವರಿಗೆ ಅರ್ಥವಾಗುತ್ತದೆ, ಮಾತಾಡಲು ಬರುವುದಿಲ್ಲ. ಮಕ್ಕಳಿಗೆ ಅರ್ಥವೂ ಆಗುವುದಿಲ್ಲ. ಆದರೆ ಮೊಮ್ಮಕ್ಕಳಿಗೆ ‘ತುಂಬಾಲಲೈಕಾ’ ಪೂರ್ತಿ ಬಾಯಿಪಾಠ. ಅದು ಒಗಟಿನ ಹಾಡು ಅಂತ ಅವರೇ ನನಗೆ ಬಿಡಿಸಿ ಹೇಳಿದರು. ಹುಡುಗ ಹುಡುಗಿಗೆ ಒಗಟು ಹಾಕುತ್ತಾನೆ, ಮಳೆ ಬಾರದೆ ಬೆಳೆಯುವುದು ಯಾವುದು, ಕಣ್ಣೀರಿಲ್ಲದೆ ಅಳುವುದು ಯಾವುದು ಅಂತ. ನಮ್ಮ ಕಡೆ ಮದುವೆಯಲ್ಲಿ ಒಗಟು ಹಾಕಿ ಹೆಸರು ಹೇಳಿಸುತ್ತಾರಲ್ಲ, ಅದನ್ನು ನಾನು ಅವರಿಗೆ ಹೇಳಿದೆ. ಅವತ್ತು ಮಧ್ಯಾಹ್ನ ಪೂರ್ತಿ ಇದೇ ಮಾತು.

ನನ್ನ ಮೊಮ್ಮಗಳಿಗೆ ಕನ್ನಡದಲ್ಲಿ ನೀರು ಕೇಳಲು ಬರುವುದಿಲ್ಲ. ಆದರೆ ಮೂರು ದೇವರನಾಮ, ಎರಡು ಸಿನಿಮಾ ಹಾಡು ಬರುತ್ತದೆ. ಮೊದಲು ಇದು ನನಗೆ ದುಃಖದ ವಿಷಯವಾಗಿತ್ತು. ಪಕ್ಕದ ಮನೆಯವರನ್ನು ನೋಡಿದ ಮೇಲೆ ಇನ್ನೂ ಎರಡು ಹಾಡು ಕಲಿಸಿದ್ದೇನೆ.

@ಮೂಲ ಪಾಠ, ಜಾಝ್ ಹಾಕಿ ಹಾಡಿದ್ದರಿಂದಲೇ ಆ ಮಕ್ಕಳು ಕಿವಿಗೊಟ್ಟರು ಅಂತ ನನಗನ್ನಿಸುತ್ತದೆ. ಬೇಸರ ಮಾಡಿಕೊಳ್ಳಬೇಡಿ.

ಮೂಲ ಪಾಠ
ಬೇಸರವೇನಿಲ್ಲ ಅಜ್ಜಿ. ಕಾರ್ನೆಗಿ ಹಾಲ್ ರೆಕಾರ್ಡಿಂಗ್ ನಿನ್ನೆ ರಾತ್ರಿ ಎರಡು ಸಲ ಕೇಳಿದೆ. ಎಲ್ಮನ್ ಭಾಗದ ಬಗ್ಗೆ ನನ್ನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಅದು ಒಗ್ಗರಣೆ ಅಲ್ಲ.

ಆದರೆ ಇಂಗ್ಲಿಷ್ ಸಾಹಿತ್ಯದ ಬಗ್ಗೆ ಬಿಟ್ಟುಕೊಡುವುದಿಲ್ಲ. ಆಂಡ್ರೂಸ್ ಸಿಸ್ಟರ್ಸ್ ಹಾಡಿನಿಂದ ಯಿಡ್ಡಿಷ್ ಕಲಿತವರು ಯಾರೂ ಇರಲಿಕ್ಕಿಲ್ಲ. ಬ್ಯಾರಿ ಸಿಸ್ಟರ್ಸ್ ದೊಡ್ಡವರಾದದ್ದು ಅಲ್ಲೇ. ಬ್ಯಾಂಡು ಬದಲಾಯಿಸಿದರು, ಬಟ್ಟೆ ಬದಲಾಯಿಸಿದರು, ಹೆಸರು ಕೂಡ ಬದಲಾಯಿಸಿದರು. ಭಾಷೆ ಮಾತ್ರ ಬಿಡಲಿಲ್ಲ. ಉಚ್ಚಾರಣೆ ಎಷ್ಟು ಸ್ಪಷ್ಟವಾಗಿದೆ ಕೇಳಿ.

ಟ್ರಂಪೆಟ್ ಪ್ರಿಯ
ಇದಕ್ಕೆ ನನ್ನ ಒಪ್ಪಿಗೆ ಇದೆ. ಆದರೂ ಆಂಡ್ರೂಸ್ ಸಿಸ್ಟರ್ಸ್ ಇಲ್ಲದಿದ್ದರೆ ಆ ಹಾಡು ಹಳೆಯ ನಾಟಕದ ಜೊತೆಗೇ ಹೋಗುತ್ತಿತ್ತು ಅನ್ನುವುದನ್ನು ಮರೆಯಬೇಡಿ. 1970ರ ದಶಕದ ಕೊನೆಗೆ ಅಮೆರಿಕದ ಹುಡುಗರು ಹಳೆಯ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳನ್ನು ಹುಡುಕಿ ಕ್ಲೆಜ್ಮರ್ ಮತ್ತೆ ಶುರು ಮಾಡಿದರಲ್ಲ, ಬರ್ಕ್ಲಿಯಲ್ಲಿ ಕ್ಲೆಜ್ಮೊರಿಮ್, 1980ರಲ್ಲಿ ಬಾಸ್ಟನ್ನಿನಲ್ಲಿ ಕ್ಲೆಜ್ಮರ್ ಕನ್ಸರ್ವೇಟರಿ ಬ್ಯಾಂಡ್. ಅವರೂ ಬ್ರಾಂಡ್‌ವೈನ್ ನುಡಿಸಿದರು, ನಾಟಕದ ಹಾಡೂ ಹಾಡಿದರು. ಎರಡನ್ನೂ ಬೇರೆ ಮಾಡಲಿಲ್ಲ.

ಮೂಲ ಪಾಠ
ಕ್ಲೆಜ್ಮ್ಯಾಟಿಕ್ಸ್ ಬ್ಯಾಂಡು ಕೇಳಿದ್ದೀರಾ? ಗ್ರ್ಯಾಮಿ ಬಂದ ಆಲ್ಬಮ್ಮಿಗಿಂತ ಹಳೆಯವು ಚೆನ್ನಾಗಿವೆ.

ಟ್ರಂಪೆಟ್ ಪ್ರಿಯ
ಅದಕ್ಕೆ ಬೇರೆ ಜಗಳ ಶುರು ಮಾಡಬೇಕು. ನಾಳೆ ಬರುತ್ತೇನೆ.

ಹಳೇ ರೇಡಿಯೊ
ಇಷ್ಟೆಲ್ಲ ಹೇಳಿದ ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ರಾತ್ರಿ ಮಗಳನ್ನು ಕೂರಿಸಿಕೊಂಡು ಮೊದಲು ದರ್ಜಿ ಹಾಡು ಕೇಳಿಸಿದೆ, ತೂತು ಕಾಸಿನ ಕಥೆ ಹೇಳಿ. ಆಮೇಲೆ ಪಾಪಿರೋಸನ್. ಮಳೆಯಲ್ಲಿ ನಿಂತ ಹುಡುಗನ ಕಥೆ ಮೊದಲು ಹೇಳಲಿಲ್ಲ, ಹಾಡು ಮುಗಿದ ಮೇಲೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಇನ್ನೊಂದು ಸಲ ಹಾಕು" ಎಂದಳು.

ವೀಣೆ ಮನೆ ಅವರೇ, ಅವಳಿಗೆ ಮಾಯಾಮಾಳವಗೌಳದಲ್ಲಿ ಸರಳೆ ಬರುತ್ತದೆ. ನಿಷಾದ ಇಳಿಸಿ ಹಾಡಿಸಿದರೆ ಗುರುಗಳು ಬೈಯುತ್ತಾರಾ?

ವೀಣೆ ಮನೆ
ನಾನಂತೂ ಬೈಯುವುದಿಲ್ಲ. ರಿಷಭದಿಂದ ಗಾಂಧಾರಕ್ಕೆ ಹೋಗುವಾಗ ಅವಸರ ಬೇಡ ಅಂತ ಮಾತ್ರ ಹೇಳಿ.